ಅಣಕು ಹಂಚಿಕೆ

ಸರ್ಕಾರಿ ಕನ್ನಡ ಯಾರಿಗೂ ಅರ್ಥವಾಗುವುದಿಲ್ಲ ಎಂದು ದೂರುವವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರಕಟಣೆ ಓದಿದವರಲ್ಲ. ಸಿಇಟಿ ಬರೆದ ಮಕ್ಕಳಿಗೆ ಯಾವ ಕಾಲೇಜು ಸಿಕ್ಕೀತು ಎಂದು ಮುಂಚೆಯೇ ಸುಳಿವು ಕೊಡುವ ಪಟ್ಟಿಯೊಂದನ್ನು ಅವರು ಬಿಡುತ್ತಾರೆ. ಅದರ ಹೆಸರು ‘ಅಣಕು ಸೀಟು ಹಂಚಿಕೆ’. ಇಷ್ಟು ಪ್ರಾಮಾಣಿಕವಾದ ಪದ ವಿಧಾನಸೌಧದ ಇನ್ಯಾವ ಕಡತದಲ್ಲೂ ಇರಲಾರದು. ಪಟ್ಟಿ ಬಂದ ದಿನ ಅದು ನಿಮ್ಮನ್ನು ಅಣಕಿಸುತ್ತದೆ. ಅದನ್ನು ನಂಬಿ ಬೀದಿಗೆಲ್ಲ ಮೈಸೂರುಪಾಕು ಹಂಚಿದಿರೋ, ನಿಜವಾದ ಪಟ್ಟಿ ಬಂದ ದಿನ ಬೀದಿಯೇ ಅಣಕಿಸುತ್ತದೆ. ನಾನು ಹಂಚಿದವನು. ಎರಡು ಕೆಜಿ.

ನಾನು ಶ್ರೀನಿವಾಸಪುರದವನು. ಮೂರು ಎಕರೆ ಮಾವಿನ ತೋಪು, ಸೊಸೈಟಿಯಲ್ಲೊಂದು ಗುಮಾಸ್ತೆ ಕೆಲಸ, ಪಿಯುಸಿ ಮುಗಿಸಿದ ಮಗಳು, ಒಂಬತ್ತನೇ ಕ್ಲಾಸಿನ ಮಗ. 2025ರ ಮೇ 24ರಂದು ಸಿಇಟಿ ರಿಸಲ್ಟು ಬಂತು. ಮಾರನೇ ಬೆಳಿಗ್ಗೆ ಹಾಲಿನ ಡೈರಿ ಮುಂದೆ ಒಬ್ಬರು ತಡೆದು ನಿಲ್ಲಿಸಿದರು.

“ಏನ್ ಸಾರ್, ನಿಮ್ದು ಎಷ್ಟು ಬಂತು?”

“ನಮ್ದು ಅರವತ್ತೊಂದು ಸಾವಿರ.”

“ಓ. ನಮ್ದು ನಲವತ್ತೆರಡು.”

ಹೀಗೆ ಹೇಳಿದವರು ಎಸ್ಸೆಸ್ಸೆಲ್ಸಿ ಗಣಿತಕ್ಕೆ ಮೂರು ಸಲ ಕೂತವರು. ನಾನೂ ಅಂಥ ಪಂಡಿತನೇನಲ್ಲ. ಆದರೂ ‘ನಮ್ದು’ ಎಂಬ ಮಾತು ಇಬ್ಬರ ಬಾಯಲ್ಲೂ ಎಷ್ಟು ಸಲೀಸಾಗಿ ಬಂತು ನೋಡಿ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದಾಗಲೂ ಇದೇ ಡೈರಿ ಮುಂದೆ, ಇದೇ ದನಿಯಲ್ಲಿ, ‘ನಿಮ್ದು ಎಷ್ಟಕ್ಕೆ ಹೋಯ್ತು’ ಎಂದು ಕೇಳಿಕೊಂಡಿದ್ದೆವು. ಟೊಮೆಟೊಗೆ ಅಂಕಿ ಏರಬೇಕು, ಮಕ್ಕಳಿಗೆ ಇಳಿಯಬೇಕು. ಕೂಗುವ ಗಂಟಲು ಒಂದೇ.

ನಮ್ಮ ಎದುರುಮನೆಯವರದು ಇನ್ನೊಂದು ಕತೆ. ಅವರ ಹುಡುಗ 2024ರ ಬ್ಯಾಚು. ಆ ವರ್ಷ ಸಿಇಟಿಯಲ್ಲಿ ಪಠ್ಯದಲ್ಲೇ ಇಲ್ಲದ ಪ್ರಶ್ನೆ ಕೇಳಿ, ಗಲಾಟೆಯಾಗಿ, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ತಮ್ಮ ಮಗ ಆ ಐವತ್ತಕ್ಕೂ ಸರಿಯುತ್ತರ ಬರೆದಿದ್ದ ಎಂದು ಅವರಪ್ಪ ಈಗಲೂ ಹೇಳುತ್ತಾರೆ. ಅದರಲ್ಲಿ ಕೆಲವು ಜೀವಶಾಸ್ತ್ರದ ಪ್ರಶ್ನೆಗಳು. ಹುಡುಗ ಓದಿದ್ದು ಕಂಪ್ಯೂಟರ್ ಸೈನ್ಸು. ಯಾರೂ ತಿದ್ದಲು ಹೋಗುವುದಿಲ್ಲ. ಕೈಬಿಟ್ಟ ಪ್ರಶ್ನೆಗಳಲ್ಲಾದರೂ ಮಗ ಫಸ್ಟು ಬರಲಿ ಪಾಪ.

ರ‍್ಯಾಂಕ್ ಆದ ಮೇಲೆ ಆಪ್ಷನ್ ಎಂಟ್ರಿ. ಇದಕ್ಕೆ ಮಕ್ಕಳು ಬೇಕಾಗುವುದಿಲ್ಲ. ಬಸ್ ಸ್ಟ್ಯಾಂಡ್ ಹಿಂದಿನ ಸೈಬರ್ ಅಂಗಡಿಯಲ್ಲಿ ನಾವು ಏಳು ಜನ ಅಪ್ಪಂದಿರು ಸಾಲಾಗಿ ಕೂತಿದ್ದೆವು, ಒಂದು ಮಗುವೂ ಇರಲಿಲ್ಲ. ಹೋದ ವರ್ಷದ ಕಟಾಫ್ ಪಟ್ಟಿಯನ್ನು ಪ್ರಿಂಟ್ ಹಾಕಿಸಿ, ಮೂರು ಬಣ್ಣದ ಸ್ಕೆಚ್ ಪೆನ್ನಲ್ಲಿ ಗೀಟು ಎಳೆದು, ಪಂಚಾಂಗದ ಹಾಗೆ ಮಡಿಚಿಟ್ಟುಕೊಂಡಿದ್ದೆ. ಕುಮಾರಸ್ವಾಮಿ ಲೇಔಟಿನಿಂದ ಯಲಹಂಕದವರೆಗೆ ಬೆಂಗಳೂರಿನ ಒಂದು ಗಲ್ಲಿಯನ್ನೂ ಬಿಟ್ಟಿರಲಿಲ್ಲ. “ಅಣ್ಣಾ ಇನ್ನೂ ಹಾಕು, ಎಷ್ಟು ಹಾಕಿದ್ರೂ ದುಡ್ಡೇನಿಲ್ಲ,” ಎಂದು ಅಂಗಡಿಯ ಹುಡುಗ ಹುರಿದುಂಬಿಸಿದ. ಬಿಟ್ಟಿ ಎಂದರೆ ನಾವು ಬಿಟ್ಟೇವೆ? 187 ಹಾಕಿದೆ.

ನಮ್ಮ ಕಾಲಕ್ಕೆ ಕಂಪ್ಯೂಟರ್ ಸೈನ್ಸ್ ಅಂತ ಒಂದಿತ್ತು. ಈಗ ಅದರ ಬಾಲಕ್ಕೆ ಎಐ, ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಐಒಟಿ, ಬ್ಲಾಕ್‌ಚೈನ್. ಮಾವು ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಬುಡದಲ್ಲಿ ಇರುವುದು ಅದೇ ನಾಟಿ ವಾಟೆಯ ಗಿಡ. ಮೇಲೆ ಬಾದಾಮಿ ಕಡ್ಡಿ ಕಟ್ಟಿದರೆ ಬಾದಾಮಿ, ಮಲ್ಲಿಕಾ ಕಟ್ಟಿದರೆ ಮಲ್ಲಿಕಾ. ನರ್ಸರಿಯವನು ನಿಜವಾಗಿ ಕಟ್ಟಿದ್ದೇನು ಎಂದು ಗೊತ್ತಾಗುವುದು ನಾಲ್ಕು ವರ್ಷ ಬಿಟ್ಟು, ಫಸಲು ಬಂದಾಗ. ಎಂಜಿನಿಯರಿಂಗೂ ನಾಲ್ಕೇ ವರ್ಷ.

ಸಿವಿಲ್ ಕಡೆ ಬೆರಳು ಹೋದರೆ ಸೈಬರ್ ಹುಡುಗನೇ ಕೈ ಹಿಡಿದ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ 2007ರವರೆಗೆ ನಮ್ಮದೇ ಜಿಲ್ಲೆಯಲ್ಲಿತ್ತು. ಸೆಪ್ಟೆಂಬರ್ 15ಕ್ಕೆ ಅವರ ಫೋಟೋಗೆ ಹಾರ ಹಾಕುವ ಅಪ್ಪಂದಿರೇ ಸಿವಿಲ್ಲನ್ನು ನೂರಾಎಪ್ಪತ್ತನೇ ನಂಬರಿಗೆ ತಳ್ಳುತ್ತೇವೆ. ಅಣೆಕಟ್ಟು ಕಟ್ಟಿದ್ದೆಲ್ಲ ಸರಿ, ಪ್ಯಾಕೇಜ್ ಎಷ್ಟಿತ್ತು?

ಎಲ್ಲಕ್ಕೂ ಬೆಂಗಳೂರೇ ಆಗಬೇಕು. ಮಾಲೂರಿನಲ್ಲಿರುವ ನನ್ನ ತಂಗಿಯ ಮಗ ಬೆಳಿಗ್ಗೆ ಮಾರಿಕುಪ್ಪಂ ರೈಲಿನ ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಗಾಳಿಯಲ್ಲಿ ಇಟ್ಟುಕೊಂಡು ಎಂಜಿನಿಯರಿಂಗ್ ಓದುತ್ತಿದ್ದಾನೆ. ನಾವು ಬೆಂಗಳೂರಿಗೆ ಕಳಿಸುವುದು ಹಾಲು, ಹೂವು, ತರಕಾರಿ, ಮಕ್ಕಳು. ಅಲ್ಲಿಂದ ನಮಗೆ ಬರುವುದು ಕೆ.ಸಿ. ವ್ಯಾಲಿ ನೀರು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ನಗರ ಬಳಸಿ ಚರಂಡಿಗೆ ಬಿಟ್ಟದ್ದನ್ನು ಎರಡು ಹಂತ ಸೋಸಿದ್ದು. ಮಕ್ಕಳೂ ನಾಲ್ಕು ವರ್ಷ ಬಿಟ್ಟು ಹಾಗೇ ಸೋಸಿಕೊಂಡು ಬರುತ್ತಾರೆ, ಯುಗಾದಿಗೆ, ಎರಡು ದಿನದ ಮಟ್ಟಿಗೆ.

ಇನ್ನು ಫೋನು. ರಿಸಲ್ಟಿನ ಮಾರನೇ ದಿನದಿಂದ ಶುರು. ನಂಬರು ಅವರಿಗೆ ಹೇಗೆ ಸಿಕ್ಕಿತು ಎಂದು ಕೇಳಬೇಡಿ, ನನ್ನ ನಂಬರು ನನ್ನ ಹೆಂಡತಿಯ ತವರಿನವರಿಗೇ ಸರಿಯಾಗಿ ಗೊತ್ತಿಲ್ಲ.

“ಸಾರ್, ಕಂಗ್ರಾಜುಲೇಷನ್ಸ್. ನಿಮ್ಮ ವಾರ್ಡ್‌ಗೆ ನಲವತ್ತು ಪರ್ಸೆಂಟ್ ಸ್ಕಾಲರ್‌ಶಿಪ್ ಸ್ಯಾಂಕ್ಷನ್ ಆಗಿದೆ.”

ನಾನು ಪುರಸಭೆಯಿಂದ ಎಂದುಕೊಂಡೆ. “ಯಾವ ವಾರ್ಡಮ್ಮಾ? ನಮ್ಮ ವಾರ್ಡಿಗೆ ಮೋರಿ ಸ್ಯಾಂಕ್ಷನ್ ಆಗಿ ಎರಡು ವರ್ಷ ಆಯ್ತು, ಇನ್ನೂ ಬಂದಿಲ್ಲ.”

ಆಮೇಲೆ ತಿಳಿಯಿತು, ವಾರ್ಡ್ ಎಂದರೆ ಮಗು. ಯಾವುದೋ ಖಾಸಗಿ ವಿಶ್ವವಿದ್ಯಾಲಯ. ಅವರ ಪಟ್ಟಿಯಲ್ಲಿ ಇದ್ದದ್ದು ಮಗಳ ಹೆಸರಲ್ಲ, ಮಗನದು. ಅವನಿನ್ನೂ ಒಂಬತ್ತನೇ ಕ್ಲಾಸು ಎಂದೆ. ಆ ಕಡೆ ಒಂದು ಗಳಿಗೆ ಮೌನ. “ಪರವಾಗಿಲ್ಲ ಸಾರ್, ಈಗಲೇ ಬುಕ್ ಮಾಡಿದ್ರೆ ಮೂವತ್ತು ಪರ್ಸೆಂಟ್ ಫಿಕ್ಸ್ ಮಾಡಿಸ್ತೀನಿ.” ಏನೂ ಬರೆಯದೆ, ಏನೂ ಪಾಸಾಗದೆ ಮೂವತ್ತು ಪರ್ಸೆಂಟ್! ಇನ್ನೂ ಹುಟ್ಟದವರಿಗೆ ಎಷ್ಟಿರಬಹುದು ಎಂದು ಕೇಳುವ ಮನಸ್ಸಾಯಿತು. ಆಷಾಢದ ಸೀರೆ ಅಂಗಡಿಯವರಾದರೂ ಮೊದಲಿನ ಬೆಲೆಯನ್ನು ಅಡ್ಡ ಗೀಟು ಎಳೆದು ತೋರಿಸುತ್ತಾರೆ. ಇಲ್ಲಿ ಅದೂ ಇಲ್ಲ. ನಲವತ್ತು ಪರ್ಸೆಂಟ್ ಕಳೆದ ಮೇಲೆ ಉಳಿಯುವ ಅರವತ್ತೇ ನನ್ನ ಮೂರು ಎಕರೆಯ ಬೆಲೆ.

ಹಿಂದೆ ಇಷ್ಟು ನಯ ಇರಲಿಲ್ಲ, ‘ಡೊನೇಷನ್’ ಎಂದು ಬಾಯಿ ಬಿಟ್ಟೇ ಕೇಳುತ್ತಿದ್ದರು. ಅದನ್ನು ನಿಷೇಧಿಸಿ ಕರ್ನಾಟಕ 1984ರಲ್ಲೇ ಕಾಯ್ದೆ ಮಾಡಿತು. 1992ರಲ್ಲಿ ನಮ್ಮದೇ ರಾಜ್ಯದ ಮೆಡಿಕಲ್ ಸೀಟಿನ ತಕರಾರು ಸುಪ್ರೀಂ ಕೋರ್ಟಿಗೆ ಹೋಗಿ, ಮೋಹಿನಿ ಜೈನ್ ಪ್ರಕರಣದಲ್ಲಿ ಕ್ಯಾಪಿಟೇಷನ್ ಶುಲ್ಕ ಸಲ್ಲದು ಎಂದು ತೀರ್ಪಾಯಿತು. 1994ರಲ್ಲಿ ಸಿಇಟಿ ಬಂತು. ಇಷ್ಟೆಲ್ಲ ಆದ ಮೇಲೂ ಆ ಪದ ನಮ್ಮ ಮನೆಗಳಲ್ಲಿ ದೇವರ ಫೋಟೋದ ಪಕ್ಕ ಸುಖವಾಗಿದೆ. ದಾನ ಕೊಟ್ಟರೆ ಪುಣ್ಯ ಬರುತ್ತದೆ, ಡೊನೇಷನ್ ಕೊಟ್ಟರೆ ಸೀಟು ಬರುತ್ತದೆ. ರಸೀದಿ ಎರಡಕ್ಕೂ ಇಲ್ಲ.

ಸರ್ಕಾರ ಕೊಡುವ ವಿದ್ಯಾರ್ಥಿವೇತನದ ಜಾತಿಯೇ ಬೇರೆ. ಅದು ಫೋನ್ ಮಾಡುವುದಿಲ್ಲ, ನಾವೇ ಹುಡುಕಿಕೊಂಡು ಹೋಗಬೇಕು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ವೃತ್ತಿಪರ ಕೋರ್ಸಿನ ಹುಡುಗರಿಗೆ ವರ್ಷಕ್ಕೆ 10 ಸಾವಿರ, ಹುಡುಗಿಯರಿಗೆ 11 ಸಾವಿರ ಎಂದು ಇಟ್ಟರು. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ, ತಿಂಗಳಿಗೆ 1,500ರಂತೆ ಹತ್ತು ತಿಂಗಳು ಎಂದು ಇಟ್ಟಿದ್ದರು. ಉಳಿದ ಎರಡು ತಿಂಗಳು ಹಸಿವಿಗೂ ಬೇಸಿಗೆ ರಜೆ. ಒಳ್ಳೆಯ ಯೋಜನೆಗಳೇ, ನಾನು ಅಲ್ಲಗಳೆಯುವುದಿಲ್ಲ. ತೊಂದರೆ ಇರುವುದು ನನ್ನಲ್ಲೇ. ಪಹಣಿಯಲ್ಲಿ ನನ್ನ ಹೆಸರಿನ ಮುಂದೆ ‘ಬಿನ್’ ಹಾಕಿ ಅಪ್ಪನ ಹೆಸರಿದೆ. ಆಧಾರಿನಲ್ಲಿ ಅಪ್ಪ ಬರೀ ಇನಿಷಿಯಲ್. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಆ ಇನಿಷಿಯಲ್ ಹಿಂದಕ್ಕೆ ಹೋಗಿದೆ, ಮಗಳ ಮಾರ್ಕ್ಸ್ ಕಾರ್ಡಿನಲ್ಲಿ ಅದೂ ಉದುರಿಹೋಗಿದೆ. ದಶಾವತಾರವನ್ನು ಒಪ್ಪಿಕೊಂಡ ಈ ದೇಶದಲ್ಲಿ ಕಂಪ್ಯೂಟರು ನನ್ನ ನಾಲ್ಕು ಅವತಾರ ಒಪ್ಪಲಿಲ್ಲ. ನಾನು ನಾನೇ ಎಂದು ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ಬಂದೆ.

ಮುಳಬಾಗಿಲಿನಲ್ಲಿರುವ ನನ್ನ ಷಡ್ಡಕನ ಸಂಕಟ ಇದಕ್ಕಿಂತ ದೊಡ್ಡದು. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹತ್ತು ವರ್ಷ ಪೂರ್ತಿ ಹಳ್ಳಿಯಲ್ಲಿ ಓದಿದವರಿಗೆ ಶೇ 15 ಗ್ರಾಮೀಣ ಮೀಸಲು ಇದೆ. ಬಿಇಒ ಮೇಲುರುಜು ಹಾಕಬೇಕು. ಷಡ್ಡಕನ ಮಗ ಒಂಬತ್ತು ವರ್ಷ ಹಳ್ಳಿ ಶಾಲೆಯಲ್ಲೇ ಇದ್ದ. ಮೂರನೇ ಕ್ಲಾಸು ಒಂದನ್ನು ಮಾತ್ರ, ಇಂಗ್ಲಿಷ್ ಬರಲಿ ಎಂದು ಟೌನಿನ ಕಾನ್ವೆಂಟಿಗೆ ಹಾಕಿದ್ದರು. ಅವನು ಅಲ್ಲಿ ಕಲಿತದ್ದು ಟೈ ಕಟ್ಟುವುದು. ಆ ಒಂದು ಟೈ ಒಂಬತ್ತು ವರ್ಷದ ಗ್ರಾಮೀಣತೆಗೆ ಉರುಳಾಯಿತು. ಷಡ್ಡಕ ಈಗ ಪ್ರತಿ ಸಂಕಷ್ಟಿಗೆ ಕುರುಡುಮಲೆ ಗಣಪನಿಗೆ ಈಡುಗಾಯಿ ಹೊಡೆಯುತ್ತಾನೆ. ಬೇಡಿಕೆ ಏನೆಂದು ಕೇಳಿದರೆ, ಆ ಮೂರನೇ ಕ್ಲಾಸನ್ನು ತೆಗೆಸಿಬಿಡಪ್ಪ ಅಂತ.

ಇಷ್ಟರ ನಡುವೆ ಮಗಳ ಸುದ್ದಿಯೇ ಬರಲಿಲ್ಲ ಎಂದು ನಿಮಗನ್ನಿಸಿದ್ದರೆ, ನನಗಂತೂ ಆಗ ಹಾಗನ್ನಿಸಿರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ತೋಟಗಾರಿಕೆ ಬಿಎಸ್ಸಿ. ಕೋಲಾರದ ಟಮಕದಲ್ಲಿರುವ ತೋಟಗಾರಿಕೆ ಕಾಲೇಜು. ಬಾಗಲಕೋಟೆ ವಿಶ್ವವಿದ್ಯಾಲಯದ್ದು, ನಮ್ಮೂರಿಂದ ಒಂದು ಬಸ್ಸು. ಮೊದಲ ಸಲ ಕೇಳಿದಾಗ ನನಗೆ ನಗು ಬಂತು. ಮಾವಿನ ಊರಲ್ಲಿ ಹುಟ್ಟಿ ಮಾವು ಓದುವುದಕ್ಕೆ ಕಾಲೇಜೇ? “ತೋಪಲ್ಲೇ ಕೂತ್ಕೊಂಡು ಓದ್ಲಿ ಬಿಡಿ, ಫೀಸೂ ಉಳಿಯತ್ತೆ,” ಎಂದಳು ನನ್ನ ಹೆಂಡತಿ. ಆದರೂ ಅರ್ಜಿ ತುಂಬುವಾಗ ಕೃಷಿಕರ ಕೋಟಾಕ್ಕೂ ಟಿಕ್ ಹಾಕಿದ್ದೆವು. ಸಿಗಲಿ ಬಿಡಲಿ, ಇರುವ ಕೋಟಾಕ್ಕೆಲ್ಲ ಟಿಕ್ ಹಾಕುವುದು ನಮ್ಮ ಜಾಯಮಾನ. ಈ ಕೋಟಾಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆ ಇದೆ. ರೈತರ ಮಕ್ಕಳು ಬೀಜ, ಗೊಬ್ಬರ, ಉಪಕರಣ ನೋಡಿ ಇಂಥದ್ದು ಎಂದು ಗುರುತಿಸಬೇಕು. ರೈತರ ಮಕ್ಕಳಿಗೆ ರಾಗಿ ತೋರಿಸಿ ಇದು ರಾಗಿ ಎಂದು ಕಲಿಸುವ ಕೋಚಿಂಗ್ ಕ್ಲಾಸುಗಳೂ ಇವೆ, ಫೀಸು ತಗೊಂಡು. ಗ್ರಾಮ ದೇವತೆ ಆಣೆ, ನಾನು ಹುಟ್ಟಿಸಿದ್ದಲ್ಲ.

ಮಗಳು ಕೋಚಿಂಗ್ ಬೇಡ ಎಂದಳು, ಅಜ್ಜಿಯ ಹತ್ತಿರ ಕೂತಳು. ನಮ್ಮಮ್ಮ ಹಜಾರದಲ್ಲಿ ಮೊರ ಇಟ್ಟು ಹತ್ತು ಹನ್ನೆರಡು ಥರ ಕಾಳು ಗುಪ್ಪೆ ಹಾಕಿದರು. ಸಾಮೆ, ನವಣೆ, ಹಾರಕ, ಹುಚ್ಚೆಳ್ಳು, ಹರಳು, ಹುರುಳಿ. ಅಟ್ಟದಿಂದ ಒರವಾರಿ, ಕೂರಿಗೆಯ ಮುರುಕು, ಕುಂಟೆಯ ಅಲಗು ಇಳಿಸಿದರು. ಮಗಳು ಕಣ್ಣು ಮುಚ್ಚಿ ಬೆರಳಲ್ಲಿ ತಿಕ್ಕಿಯೇ ಸಾಮೆ ಯಾವುದು ನವಣೆ ಯಾವುದು ಎನ್ನುವಷ್ಟಾದಳು. ಯಾರೂ ಇಲ್ಲದಾಗ ನಾನೂ ಮೊರದ ಮುಂದೆ ಕೂತು ಪರೀಕ್ಷೆ ಕೊಟ್ಟುಕೊಂಡೆ. ಹಾರಕವನ್ನು ಸಾಮೆ ಎಂದೆ. ಹುಚ್ಚೆಳ್ಳನ್ನು ಜೀರಿಗೆಯ ಯಾವುದೋ ತಳಿ ಎಂದೆ. ನನಗೆ ತಪ್ಪಿಲ್ಲದೆ ಗೊತ್ತಾದದ್ದು ಯೂರಿಯಾ ಒಂದೇ, ಸೊಸೈಟಿಯಲ್ಲಿ ಅದರ ಕ್ಯೂ ನೋಡಿ ನೋಡಿ. ಅಮ್ಮ ಹಿಂದೆಯೇ ನಿಂತಿದ್ದರು.

“ನಿಂಗ್ಯಾರೋ ರೈತ ಅಂತ ಸರ್ಟಿಫಿಕೇಟು ಕೊಟ್ಟೋರು?”

“ತಹಸೀಲ್ದಾರ್ರಮ್ಮ.”

“ಅವ್ರಿಗೆ ಗೊತ್ತಾ, ಹಾರಕ?”

ಜೂನ್ ಬಂತು. ಆ ಜೂನ್ ನಮ್ಮ ಕಡೆಯವರಿಗೆ ನೆನಪಿರುತ್ತದೆ. ತೋತಾಪುರಿ ಬೆಲೆ ಕುಸಿದು ಕೀಳುವ ಕೂಲಿಯೂ ಗಿಟ್ಟದಾಯಿತು. ಅದೇ ಹೊತ್ತಿಗೆ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಗಡಿ ದಾಟಕೂಡದು ಎಂದಿತು. ತಿರುಳು ತೆಗೆಯುವ ಕಾರ್ಖಾನೆಗಳೆಲ್ಲ ಆ ಕಡೆ, ಹಣ್ಣೆಲ್ಲ ಈ ಕಡೆ. 11ರಂದು ಶ್ರೀನಿವಾಸಪುರ ಬಂದ್ ಆಯಿತು, ಹಣ್ಣನ್ನು ರಸ್ತೆಗೆ ಸುರಿದರು. ಆಮೇಲೆ ಕೇಂದ್ರದವರು ಎರಡೂವರೆ ಲಕ್ಷ ಟನ್ನಿಗೆ, ಕ್ವಿಂಟಲಿಗೆ 1,616 ರೂಪಾಯಿಯ ಲೆಕ್ಕದಲ್ಲಿ ಬೆಲೆ ವ್ಯತ್ಯಾಸ ತುಂಬಿಕೊಡುವುದಾಗಿ ಹೇಳಿದರು. ಬಂದ್ ಮುಗಿಸಿ ಮನೆಗೆ ಬಂದ ನಾನು ಮಗಳಿಗೆ ಉಪದೇಶ ಶುರು ಮಾಡಿದೆ. ನೋಡಮ್ಮಾ, ಇದಕ್ಕೇ ಹೇಳೋದು, ಕಂಪ್ಯೂಟರಿಗೆ ಗಡಿ ಇಲ್ಲ.

“ಹಣ್ಣು ಆಚೆ ಹೋಗ್ಲಿಲ್ಲ ಅಂತ ಊರೇ ಬಂದ್ ಮಾಡಿದ್ರಲ್ಲಪ್ಪ. ಇಲ್ಲೇ ಪಲ್ಪ್ ಮಾಡೋದನ್ನ ಯಾರಾದ್ರೂ ಕಲೀಬೇಕಲ್ವಾ?”

ಅದು ಸರ್ಕಾರದ ಕೆಲಸ ಎಂದೆ. ಉತ್ತರ ತೋಚದಿದ್ದಾಗ ಎಲ್ಲವೂ ಸರ್ಕಾರದ ಕೆಲಸ.

ಮುಂದೆ ಅಣಕು ಪಟ್ಟಿ ಬಂತು. ಬೆಂಗಳೂರಿನ ಆಚೆ ತುದಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್, ಬಾಲಸಮೇತ. ಮೈಸೂರುಪಾಕಿನ ವಿಷಯ ಆಗಲೇ ಹೇಳಿದೆ. ಅಣಕಿಗೂ ಅಸಲಿಗೂ ನಡುವೆ ಆಪ್ಷನ್ ತಿದ್ದಲು ಕೆಲವು ದಿನ ಬಿಡುತ್ತಾರೆ. ಆ ದಿನಗಳಲ್ಲಿ ನಾನು ಲ್ಯಾಪ್‌ಟಾಪ್ ಯಾವ ಅಂಗಡಿಯಲ್ಲಿ ಅಗ್ಗ ಎಂದು ವಿಚಾರಿಸುತ್ತಿದ್ದೆ. ಮಗಳು ಒಂದು ರಾತ್ರಿ ಮೊಬೈಲಿನಲ್ಲೇ ಕೂತು, ನನ್ನ 187ರಲ್ಲಿ ಒಂದನ್ನೂ ಅಳಿಸದೆ, ಅವುಗಳ ನೆತ್ತಿಯ ಮೇಲೆ ಒಂದನ್ನು ಸೇರಿಸಿದಳು. ನನ್ನ ಪಟ್ಟಿಗೆ ಯಾವ ಅವಮಾನವೂ ಆಗಲಿಲ್ಲ. ಎಲ್ಲರೂ ಒಂದೊಂದು ಮೆಟ್ಟಿಲು ಇಳಿದರು, ಅಷ್ಟೆ. ಪ್ರಾಧಿಕಾರದ ಕಂಪ್ಯೂಟರು ಮೇಲಿನಿಂದ ನೋಡುತ್ತಾ ಬರುತ್ತದೆ, ಮೊದಲು ಯಾವುದು ಎಟುಕುತ್ತದೋ ಅಲ್ಲಿಗೆ ನಿಲ್ಲುತ್ತದೆ. ಮೊದಲನೆಯದೇ ಎಟುಕಿತು. ತೋಟಗಾರಿಕೆ, ಟಮಕ, ಕೃಷಿಕರ ಕೋಟಾ.

ಸೀಟು ಬಂದವರಿಗೆ ನಾಲ್ಕು ಚಾಯ್ಸ್. ಒಂದು, ಒಪ್ಪಿದೆ, ಹೋಗಿ ಸೇರುತ್ತೇನೆ. ಎರಡು, ಒಪ್ಪಿದೆ, ಆದರೆ ಮೇಲಿನದು ಸಿಕ್ಕರೆ ಇದನ್ನು ಬಿಡುತ್ತೇನೆ. ಮೂರು, ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು, ನಿಮ್ಮ ಸಹವಾಸವೇ ಬೇಡ. ನಾಲ್ಕನೆಯದಕ್ಕೆ ನಮ್ಮ ಜಿಲ್ಲೆಯಲ್ಲಿ ಘನವಾದ ಪರಂಪರೆ ಇದೆ. ಮಾಲೂರು ತಾಲ್ಲೂಕಿನ ಮಾಸ್ತಿಯವರು ತಮಗಿಂತ ಕಿರಿಯರಿಗೆ ಬಡ್ತಿ ಕೊಟ್ಟರೆಂದು 1943ರಲ್ಲಿ ಮೈಸೂರು ಸರ್ಕಾರದ ದೊಡ್ಡ ಹುದ್ದೆ ಬಿಟ್ಟು ನಡೆದರು, 1983ರ ಜ್ಞಾನಪೀಠ ಅವರನ್ನು ಹುಡುಕಿಕೊಂಡು ಬಂತು. ಮುಳಬಾಗಿಲಿನ ಡಿವಿಜಿ ಮೆಟ್ರಿಕ್ಕನ್ನೇ ದಾಟಲಿಲ್ಲ, ಮೈಸೂರು ವಿಶ್ವವಿದ್ಯಾಲಯ ಮುಂದೆ ಕರೆದು ಗೌರವ ಡಾಕ್ಟರೇಟ್ ಕೊಟ್ಟಿತು. ರಿಸಲ್ಟಿನ ದಿನ ಕಗ್ಗದ ಪದ್ಯವನ್ನು ಸೂರ್ಯೋದಯದ ಚಿತ್ರದ ಮೇಲೆ ಅಂಟಿಸಿ ವಾಟ್ಸ್ಯಾಪಿನಲ್ಲಿ ಕಳಿಸುವ ಅಪ್ಪಂದಿರು ಈ ಸಂಗತಿಯನ್ನು ಮಾತ್ರ ಮಕ್ಕಳಿಗೆ ಹೇಳುವುದಿಲ್ಲ. ಹೇಳಬಾರದು ಕೂಡ, ಮಕ್ಕಳು ಕೆಟ್ಟುಹೋಗುತ್ತಾರೆ.

ಒಂದು ಮತ್ತು ಎರಡರ ಮಹಿಮೆ ಕೆಲವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಸೇರುವ ಇರಾದೆಯೇ ಇಲ್ಲದವರ ಹೆಸರಲ್ಲಿ ಸೀಟು ಹಿಡಿದಿಟ್ಟು ಕೊನೆಗೆ ಖಾಲಿ ಬಿಡಿಸುವ ಸೀಟ್ ಬ್ಲಾಕಿಂಗ್ ದಂಧೆಯ ಬಗ್ಗೆ ಪ್ರಾಧಿಕಾರವೇ 2024ರಲ್ಲಿ ಮಲ್ಲೇಶ್ವರಂ ಪೊಲೀಸರಿಗೆ ದೂರು ಕೊಟ್ಟು, ಬಂಧನಗಳೂ ಆದವು. ನಾನು ಅಷ್ಟು ದೊಡ್ಡ ಮನುಷ್ಯನಲ್ಲ. ಚಾಯ್ಸ್ ಎರಡನ್ನು ಒತ್ತೋಣ, ಒಂದು ಸುತ್ತು ಕಾಯೋಣ ಎಂದೆ.

“ಮೇಲಿನದು ಸಿಕ್ರೆ ತಾನೇ ಅಪ್ಪ ಎರಡು? ಇದರ ಮೇಲೆ ಲಿಸ್ಟಲ್ಲಿ ಏನೂ ಇಲ್ಲ.”

ನೂರಾಎಂಬತ್ತೇಳು ಆಪ್ಷನ್ ಹಾಕಿದವನಿಗೆ ಇದು ಹೊಳೆದಿರಲಿಲ್ಲ.

ಅವಳು ಒಂದನ್ನೇ ಒತ್ತಿದಳು. ಫೀಸು ಕಟ್ಟುವುದು ನನ್ನ ಖಾತೆಯಿಂದ, ಓಟಿಪಿ ಬರುವುದು ನನ್ನ ಫೋನಿಗೆ. ನಾನು ಆಗ ಮಂಡಿಯಲ್ಲಿದ್ದೆ, ತೋತಾಪುರಿಯ ಬಾಕಿ ಕೇಳಲು.

“ಅಪ್ಪಾ, ಓಟಿಪಿ ಹೇಳು.”

“ಬಂದಿಲ್ವಲ್ಲಮ್ಮಾ.”

“ಬಂದಿರತ್ತೆ. ನೋಡು.”

ಬಂದಿತ್ತು. ಆರು ಅಂಕಿ. ಈ ಮೂರು ತಿಂಗಳಲ್ಲಿ ನನ್ನ ಕೈಗೆ ಸಿಕ್ಕ ನಿಜವಾದ ಅಧಿಕಾರ ಎಂದರೆ ಅದೊಂದೇ, ಅದರ ಆಯಸ್ಸೂ ಕೆಲವೇ ನಿಮಿಷ. ಮಂಡಿಯವನು ಬಾಕಿಯ ಲೆಕ್ಕವನ್ನು ಚೀಟಿಯಲ್ಲಿ ಬರೆದು ನನ್ನತ್ತ ತಳ್ಳಿದ. ಚೀಟಿ ನೋಡಿದೆ. ಆಮೇಲೆ ಓಟಿಪಿ ಓದಿ ಹೇಳಿದೆ, ಎರಡು ಸಲ, ಗಲಾಟೆಯಲ್ಲಿ ಅವಳಿಗೆ ಕೇಳಿಸಲಿ ಎಂದು.

ಮಾರನೇ ಬೆಳಿಗ್ಗೆ ಡೈರಿ ಮುಂದೆ ಮತ್ತೆ ಅವರೇ. ಮೈಸೂರುಪಾಕು ತಿಂದ ಋಣ ಅವರಿಗೆ ನೆನಪಿತ್ತು.

“ಏನ್ ಸಾರ್, ಪಾಪಂದು ಕೊನೆಗೆ ಎಲ್ಲಾಯ್ತು?”

ಟಮಕದಲ್ಲಿ ಇನ್ನೊಂದು ಸಂಸ್ಥೆಯೂ ಇದೆ. 2017ರಲ್ಲಿ ಶುರುವಾದದ್ದು, ಕೋಲಾರದಲ್ಲಿ ಕೂತೇ ಬೆಂಗಳೂರಿನ ಹೆಸರು ಇಟ್ಟುಕೊಂಡದ್ದು. ಆ ಹೆಸರಿನಿಂದ ಯಾರಿಗಾದರೂ ಉಪಕಾರವಾಗಿದ್ದರೆ ಆ ಗಳಿಗೆಯಲ್ಲಿ ನನಗೆ.

“ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇದ್ಯಲ್ಲ ಸಾರ್, ಅಲ್ಲೇ.”

“ಓಹೋ, ಬೆಂಗಳೂರೇ ಆಯ್ತು ಅನ್ನಿ. ಹಾಸ್ಟೆಲ್ಲಾ?”

“ಇಲ್ಲ, ದಿನಾ ಹೋಗ್ಬರ್ತಾಳೆ.”

“ದಿನಾನಾ! ಪಾಪ,” ಎಂದು ಲೊಚಗುಟ್ಟುತ್ತಾ ಅವರು ಹಾಲಿನ ಕ್ಯಾನು ಎತ್ತಿಕೊಂಡು ಹೊರಟರು.